ಬುಧವಾರದ ಗುಳ್ಳವ್ವ

ಗಂಡನ ಹೆಸರು ಹೇಳಬಾರದಂತೆ. ನಾನು ಹೇಳುತ್ತೇನೆ: ಉಳವಪ್ಪ. ಸಾಲಹಳ್ಳಿಯ ದೊಡ್ಡ ಅರಳೆ ವ್ಯಾಪಾರಿ, ಮುಂಬಯಿ ಕಂಡವನು. ಕೈಬಿಚ್ಚಿ ಒಂದು ಕಾಸು ಕೊಟ್ಟರೆ ಅವನಿಗೆ ಜ್ವರ ಬರುತ್ತಿತ್ತು.

ಆ ಆಷಾಢದಲ್ಲಿ ನಾನೂ ಮಗಳು ಗುರವ್ವನೂ ಮುನವಳ್ಳಿಯ ನನ್ನ ತವರಿನಲ್ಲಿದ್ದೆವು. ಇವನು ಮುಂಬಯಿಯಿಂದ ನೇರ ಅಲ್ಲಿಗೇ ಬಂದು ಮಗಳ ಮಡಿಲಿಗೆ ಜರ್ಮನಿಯ ಗೊಂಬೆಯೊಂದನ್ನು ಹಾಕಿದ. ಯಾರೋ ದಲ್ಲಾಳಿ ಪುಕ್ಕಟೆ ಕೊಟ್ಟದ್ದು, ಇಲ್ಲದಿದ್ದರೆ ಇವನೆಲ್ಲಿ ತರುತ್ತಿದ್ದ! ಪಿಂಗಾಣಿ ಮುಖ, ಹಳದಿ ಕೂದಲು. ಮಲಗಿಸಿದರೆ ಕಣ್ಣು ಮುಚ್ಚುತ್ತಿತ್ತು. ಗುರವ್ವ ಅದಕ್ಕೆ ಕೆಂಚವ್ವ ಎಂದು ಹೆಸರಿಟ್ಟಳು. ಅದಕ್ಕೆ ಉಣಿಸದೆ ತಾನು ತುತ್ತು ಮುಟ್ಟುತ್ತಿರಲಿಲ್ಲ.

ಬುಧವಾರ ಚಕ್ಕಡಿ ಕಟ್ಟಿಕೊಂಡು ಊರಿಗೆ ಹೊರಟೆವು. ಹೊಳೆ ದಂಡೆಯಲ್ಲಿ ಸಂಸ್ಥಾನದ ಜಕಾತಿ ನಾಕೆ. ಹೊರಗಿನ ಸರಕಿಗೆ ಅಲ್ಲಿ ಸುಂಕ ಕಟ್ಟದೆ ಒಳಗೆ ಕಾಲಿಡುವಂತಿರಲಿಲ್ಲ. ಅಲ್ಲಿಯ ಕಾರಕೂನನೊಬ್ಬ ಮಹಾ ಪಂಡಿತ. ಗೊಂಬೆಯ ಮುಖ ತಟ್ಟಿ ಗಾಜಿನ ಸಾಮಾನು ಅಂದ, ಲಂಗ ಮುಟ್ಟಿ ಪರದೇಶದ ಅರಿವೆ ಅಂದ, ಕೂದಲು ಜಗ್ಗಿ ಉಣ್ಣೆ ಅಂದ. ಒಂದೊಂದಕ್ಕೆ ಒಂದೊಂದು ದರವಂತೆ.

"ಹೋಗ್ಲಿ, ಆಟಿಗಿ ಸಾಮಾನ, ಹುಡುಗ್ರು ಆಡೂದು ಅಂತ ಬರಕೊಂತೇನಿ. ದೇವರ ಮೂರ್ತಿ ಆಗಿದ್ರ ಜಕಾತಿ ಇರತಿದ್ದಿಲ್ಲ."

ಇಷ್ಟು ಕೇಳಿದ್ದೇ ನನ್ನ ಗಂಡನ ಕಿವಿ ನೆಟ್ಟಗಾಯಿತು.

"ಇದು ದೇವರ ಐತ್ರಿ! ಗುಳ್ಳವ್ವ!"

ಆಷಾಢದ ಮಂಗಳವಾರ ನಮ್ಮ ಹುಡುಗಿಯರು ಹಸಿಮಣ್ಣಿನಲ್ಲಿ ಮಾಡಿ ಆರತಿ ಎತ್ತುವ ಗುಳ್ಳವ್ವನಿಗೆ ಇವನು ಜರ್ಮನಿಯ ಲಂಗ ತೊಡಿಸಿದ. ದೋಣಿಗೆ ಕಾಯುತ್ತಿದ್ದ ಮಂದಿ ಪಾಪ ಕೈಮುಗಿದರು. ನಾಚಿಕೆಯಿಲ್ಲದೆ ಇವನೂ ಮುಗಿದ.

ಕಾರಕೂನ ಮೀಸೆಯಲ್ಲೇ ನಕ್ಕ. "ಬರೋಬರಿ, ಸಾವಕಾರ್ರ. ಪೂಜಿ ನಿನ್ನೆ ಆತು. ಇವತ್ತ ಬುಧವಾರ, ಗುಳ್ಳವ್ವನ್ನ ನೀರಿಗೆ ಬಿಡೂ ದಿನ. ಯಾರರ ಮನಿಗೆ ಒಯ್ತಾರೇನ್ರಿ? ಹೊಳಿ ಇಲ್ಲೇ ಐತಿ, ಬಿಡ್ರಿ. ಇಲ್ಲಾ ಆಟಿಗಿ ಅಂತ ಒಪ್ಪಿ ಜಕಾತಿ ಕೊಡ್ರಿ."

"ಕೊಟ್ಟಬಿಡ್ರಿ," ಅಂದೆ ನಾನು. "ಕೂಸಿನ ಮಾರಿ ನೋಡ್ರಿ."

"ನಾಕ ಮಂದ್ಯಾಗ ಸುಳ್ಳ ಹೇಳಿದೆ ಅನಿಸ್ಕೊಳ್ಳೇನು?" ಎಂದು ನನ್ನ ಮೇಲೆ ಹಲ್ಲು ಕಡಿದ. ಮಾನವಂತೆ! ಮಗಳ ತೋಳಿನಿಂದ ಗೊಂಬೆ ಕಿತ್ತ ಕೈಗೆ ಇನ್ನೆಂಥ ಮಾನ?

ಗುರವ್ವ ಅವನ ಧೋತರ ಹಿಡಿದು ಜಗ್ಗಿದಳು. "ಅಪ್ಪಾ, ಅಕಿ ದೇವರ ಅಲ್ಲ, ಕೆಂಚವ್ವ!"

ಯಾರು ಕೇಳಬೇಕು? ಬಾರದ ಮಂತ್ರ ಗೊಣಗುತ್ತ ನೀರಿಗಿಳಿದು ಗೊಂಬೆಯನ್ನು ಅಂಗಾತ ಬಿಟ್ಟ. ಕೆಂಚವ್ವ ಕಣ್ಣು ಮುಚ್ಚಿಕೊಂಡು ಮುಳುಗಿದಳು.

ದಂಡೆಗೆ ಬಂದವನ ಮುಖದಲ್ಲಿ ಗೆದ್ದ ಕಳೆ. ಜಕಾತಿ ಉಳಿದಿತ್ತಲ್ಲ! ಒದ್ದೆ ಕೈ ಚಾಚಿ ಮಗಳನ್ನು ಎತ್ತಿಕೊಳ್ಳಲು ಬಗ್ಗಿದ.

"ಅಳಬ್ಯಾಡ. ನಮ್ಮ ಮನಿ ದೇವತಿ ನೀನ ಅಲ್ಲೇನು? ಬಾ."

ಗುರವ್ವ ಹೊಳೆಯನ್ನು ನೋಡಿದಳು, ಅವನ ಕೈಗಳನ್ನು ನೋಡಿದಳು. ಹಿಂದೆ ಸರಿಯುತ್ತ ಬಂದು ನನ್ನ ಸೆರಗಿನೊಳಗೆ ಹೊಕ್ಕಳು.

"ನಾ ದೇವತಿ ಅಲ್ಲಪಾ," ಅಂದಳು. "ನಾ ಆಟಿಗಿ ಸಾಮಾನ ಅದೇನಿ."