ಹಳದಿ ಸ್ಟಿಕ್ಕರಿನ ನಂಬರು

ನಮ್ಮೂರಿನ ಅರ್ಧಕ್ಕರ್ಧ ಹೊಲಿಗೆ ಮೆಷಿನ್‌ಗಳ ಮೇಲೆ ನನ್ನ ನಂಬರ್ ಇದೆ. ರಿಪೇರಿ ಮುಗಿದ ಕೂಡಲೇ ಚಕ್ರದ ಪಕ್ಕದಲ್ಲೊಂದು ಹಳದಿ ಸ್ಟಿಕ್ಕರ್ ಅಂಟಿಸಿ, ಹೆಬ್ಬೆರಳಿನಿಂದ ಉಜ್ಜಿ, "ಕಿತ್ರೆ ಮತ್ತೆ ಬರಲ್ಲ" ಎಂದು ಗದರಿಸಿಯೇ ಹೊರಡುತ್ತಿದ್ದೆ. ನನಗೆ ಬೋರ್ಡು ಇಲ್ಲ, ಅಂಗಡಿ ಇಲ್ಲ. ಆ ನಂಬರೇ ಅಂಗಡಿ. ಹಾಗಾಗಿ ಮೂರು ವರ್ಷದ ಕರಾರಿನ ಮೇಲೆ ಈ ಹೊರದೇಶದ ಗಾರ್ಮೆಂಟ್ ಫ್ಯಾಕ್ಟರಿಗೆ ಮೆಕ್ಯಾನಿಕ್ ಆಗಿ ಬರುವಾಗ ಪಾಸ್‌ಪೋರ್ಟಿಗಿಂತ ಹೆಚ್ಚು ಜೋಪಾನ ಮಾಡಿದ್ದು ಆ ಸಿಮ್ಮನ್ನು.

ಮೊದಲ ತಿಂಗಳು ಬರೀ ಪೀಕಲಾಟ. ನಾನಿಲ್ಲಿ ಮೆಷಿನ್ ಕೆಳಗೆ ತಲೆ ತೂರಿಸಿಕೊಂಡಿರುವಾಗ ಅಲ್ಲಿಂದ ಫೋನು. "ಅಣ್ಣಾ, ಬಾಬಿನ್ ಸಿಕ್ಕಾಕೊಂಡಿದೆ, ಎಷ್ಟೊತ್ತಿಗೆ ಬರ್ತೀರ?" ಹೊರದೇಶದಲ್ಲಿದ್ದೇನೆ ಎಂದರೆ, "ಸರಿ ಹಾಗಾದ್ರೆ, ಸಂಜೆ ಬನ್ನಿ" ಎನ್ನುವ ಪುಣ್ಯಾತ್ಮರು. ರೋಮಿಂಗಿನಲ್ಲಿ ದುಡ್ಡು ನೀರಿನಂತೆ ಹರಿಯಿತು, ಸೂಪರ್‌ವೈಸರ್ ಕಣ್ಣು ಕೆಂಪಗೆ ಮಾಡಿದ. ಕೊನೆಗೆ, ರಜೆಗೆ ಊರಿಗೆ ಹೊರಟಿದ್ದ ನಮ್ಮ ಫ್ಯಾಕ್ಟರಿಯ ಕಟಿಂಗ್ ಮಾಸ್ತರರ ಕೈಯಲ್ಲಿ ಸಿಮ್ಮನ್ನು ಹೆಂಡತಿಗೆ ಕಳಿಸಿದೆ.

"ನಂಬರ್ ಸಾಯೋಕೆ ಬಿಡಬೇಡ, ಟೈಮಿಗೆ ಸರಿಯಾಗಿ ರೀಚಾರ್ಜ್ ಮಾಡ್ಸು," ಎಂದೆ. "ಯಾರಾದ್ರೂ ಫೋನ್ ಮಾಡಿದ್ರೆ, 'ಹೊರಗಡೆ ಹೋಗಿದ್ದಾರೆ, ಬರ್ತಾರೆ' ಅಂತ ಹೇಳು. ಬೇರೇನೂ ಮಾತಾಡ್ಬೇಡ, ನಿಂಗೆ ಗೊತ್ತಾಗಲ್ಲ."

"ಆಯ್ತು," ಎಂದಳು. ಅವಳ 'ಆಯ್ತು'ಗೆ ಏನರ್ಥ ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಇಲ್ಲಿನ ಸಿಮ್ ಹಾಕಿಕೊಂಡ ಮೇಲೆ ನನ್ನ ಫೋನು ತಣ್ಣಗಾಯಿತು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ನಿಮಿಷಕ್ಕೊಮ್ಮೆ ಜೇಬು ತಡಕುವ ಚಟ ಹತ್ತಿತು. ರೂಮಿನಲ್ಲಿ ಒಂದರ ಮೇಲೊಂದು ಮಂಚ, ಯಾರ ಫೋನು ಕುಯ್ಗುಟ್ಟಿದರೂ ಮೊದಲು ಎದ್ದು ಕೂರುವವನು ನಾನು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಹೆಂಡತಿಯ ಸ್ವಂತ ನಂಬರಿಗೆ ಮಾಡಿ, "ಫೋನ್ ಬರ್ತಿದ್ಯಾ?" ಎಂದು ಕೇಳಿದರೆ, "ಬರುತ್ತೆ, ಒಂದೋ ಎರಡೋ. ಊಟ ಆಯ್ತಾ?" ಎಂದು ಮಾತು ತಿರುಗಿಸುತ್ತಿದ್ದಳು.

ಒಂದೋ ಎರಡೋ! ನಾನಿದ್ದಾಗ ಗಿರಾಕಿಗಳು ಸ್ನಾನ ಮಾಡಲೂ ಬಿಡುತ್ತಿರಲಿಲ್ಲ. ಇದು ಎಣ್ಣೆ ಡಬ್ಬಿಯ ಕೆಲಸವೇ ಎಂದುಕೊಂಡೆ. ಅವನು ಬಸ್ ಸ್ಟ್ಯಾಂಡ್ ಪಕ್ಕದ ಮೆಕ್ಯಾನಿಕ್. ಮೆಷಿನ್‌ಗೆ ಏನೇ ಆಗಿರಲಿ, ಎಣ್ಣೆ ಸುರಿದು ಕಾಸು ಎಣಿಸಿಕೊಂಡು ಹೋಗುತ್ತಾನೆ. ಆ ಹೆಸರು ಇಟ್ಟವನು ನಾನೇ.

ಕರಾರು ಮುಗಿಯುತ್ತ ಬಂತು. ಇನ್ನೆರಡು ವರ್ಷ ಇರು, ಸಂಬಳ ಏರಿಸುತ್ತೇನೆ, ಸಂಜೆಯೊಳಗೆ ಸಹಿ ಹಾಕು ಎಂದ ಮ್ಯಾನೇಜರ್. ನನಗೋ ಊರಿನ ಹಂಬಲ ಗಂಟಲವರೆಗೆ ಬಂದಿತ್ತು. ಆದರೆ ಗಿರಾಕಿಗಳೆಲ್ಲ ಎಣ್ಣೆ ಡಬ್ಬಿಯ ಪಾಲಾಗಿದ್ದರೆ ನಾನು ಹೋಗಿ ನೊಣ ಹೊಡೆಯುತ್ತ ಕೂರಬೇಕು. ಹೆಂಡತಿಯನ್ನು ನೇರವಾಗಿ ಕೇಳಿದರೆ, ನನಗೆ ನೋವಾಗಬಾರದೆಂದು ನಿಜ ಹೇಳುವುದಿಲ್ಲ. ಗಿರಾಕಿಯಂತೆಯೇ ವಿಚಾರಿಸಿಬಿಡೋಣ ಎಂದು ಊಟದ ಬಿಡುವಿನಲ್ಲಿ ಕ್ಯಾಂಟೀನಿನವನ ಫೋನ್ ಇಸಕೊಂಡೆ. ಕರ್ಚೀಫನ್ನು ಬಾಯಿಗೆ ಅಡ್ಡ ಹಿಡಿದು, ನನ್ನ ನಂಬರಿಗೆ ನಾನೇ ಫೋನ್ ಮಾಡಿದೆ.

"ಹೇಳಿ, ಯಾವ ಮೆಷಿನ್?" ಅವಳದೇ ದನಿ. ಹಿಂದೆ ಚಕ್ರ ತಿರುಗುವ ಸದ್ದು.

ಕರ್ಚೀಫನ್ನು ಇನ್ನಷ್ಟು ಒತ್ತಿ ಹಿಡಿದೆ. "ದಾರ... ದಾರ ಕಡೀತಿದೆ."

"ಮೇಲಿನ ದಾರಾನಾ, ಕೆಳಗಿಂದಾ?"

"ಮೇಲಿಂದು."

"ಹೊಸ ಸೂಜಿ ಹಾಕಿದ್ರಾ? ಉಲ್ಟಾ ಹಾಕಿರ್ತೀರ. ಎಲ್ಲಾರೂ ಅದೇ ಮಾಡ್ತಾರೆ, ಆಮೇಲೆ ಮೆಷಿನ್ನ ಬೈತಾರೆ."

ಮಾತು ನನ್ನದೇ, ಗದರಿಕೆಯೂ ನನ್ನದೇ. ಇಷ್ಟು ವರ್ಷ ನಾನು ನಡುಮನೆಯಲ್ಲಿ ನಿಂತು ಫೋನಿನಲ್ಲಿ ಅರಚುವಾಗ ಅವಳು ಒಳಗೆ ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಬಿಚ್ಚಿದ ಮೆಷಿನ್‌ಗೆ ಟಾರ್ಚ್ ಹಿಡಿದು ನಿಲ್ಲುತ್ತಿದ್ದವಳೂ ಅವಳೇ. ಕೇಳಿದ ಕೂಡಲೇ ಹೆಮ್ಮೆಯಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲು ಹೊಟ್ಟೆ ಉರಿಯಿತು. ಆಮೇಲೆ ಭಯವಾಯಿತು. ನನ್ನ ನಂಬರ್ ನಾನಿಲ್ಲದೆಯೂ ಗಟ್ಟಿಮುಟ್ಟಾಗಿದೆ, ಇನ್ನು ನನ್ನಿಂದ ಯಾರಿಗೇನಾಗಬೇಕು?

"ಮೆಕ್ಯಾನಿಕ್ ಇಲ್ವಾ?" ಎಂದೆ.

"ಹೊರಗಡೆ ಹೋಗಿದ್ದಾರೆ. ನಾನೇ ಬಂದು ನೋಡ್ತೀನಿ."

"ಅವರು ಯಾವಾಗ ಬರ್ತಾರೆ?"

ಆ ಕಡೆ ಚಕ್ರ ನಿಂತಿತು.

"ಅದನ್ನ ನಾನು ಕೇಳ್ಬೇಕು. ಯಾವಾಗ ಬರ್ತೀರ?"

ಕರ್ಚೀಫು ಜಾರಿ ಕೆಳಗೆ ಬಿತ್ತು. "ಹೇಗೆ ಗೊತ್ತಾಯ್ತು?"

"ಫೋನಲ್ಲಿ ನಂಬರ್ ಕಾಣಲ್ವಾ? ಆ ದೇಶದಿಂದ ಇಲ್ಲಿಗೆ, ದಾರ ಕಡೀತು ಅಂತ ಇನ್ಯಾರು ಫೋನ್ ಮಾಡ್ತಾರೆ?"

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಲ್ಲಿಂದಾನೇ ಕೂಗಾಡ್ತಿದ್ರಿ. ನಂಗೆ ಗೊತ್ತಾಗಲ್ಲ ಅಂದಿದ್ರಲ್ಲ."

ಕ್ಯಾಂಟೀನಿನವನು ಫೋನಿಗಾಗಿ ಕೈ ಚಾಚಿಕೊಂಡು ನಿಂತಿದ್ದ. ಅವನಿಗೆ ಬೆನ್ನು ಹಾಕಿ, ಮಾನ ಮರ್ಯಾದೆ ಬಿಟ್ಟು ಕೇಳಿಯೇಬಿಟ್ಟೆ. "ಬಂದ್ರೆ ನಂಗೆ ಕೆಲಸ ಇರುತ್ತಾ?"

"ಚಿಲ್ಲರೆ ರಿಪೇರಿ ಮಾತ್ರ ನಾನು ಮಾಡೋದು. ನಿಮ್ಮ ಕರಾರು ಮುಗೀತಾ ಬಂತಲ್ಲ ಅಂತ ಈಗ ಬಂದ ಕಷ್ಟದ್ದೆಲ್ಲ ಹಾಗೇ ಇಟ್ಟಿದ್ದೀನಿ, ನಡುಮನೇಲಿ ಕಾಲಿಡೋಕೆ ಜಾಗ ಇಲ್ಲ," ಎಂದಳು. ಆಮೇಲೆ ದನಿ ಸಣ್ಣದಾಯಿತು. "ಎಲ್ಲರಿಗೂ 'ಬರ್ತಾರೆ, ಬರ್ತಾರೆ' ಅಂತಾನೇ ಹೇಳ್ಕೊಂಡು ಬಂದಿದ್ದೀನಿ. ನೀವೇ ಹೇಳಿಕೊಟ್ಟಿದ್ದು. ನನ್ನ ಸುಳ್ಳುಗಾರ್ತಿ ಮಾಡ್ಬೇಡಿ."

ಫೋನ್ ವಾಪಸು ಕೊಟ್ಟು, ಸಂಜೆಯವರೆಗೆ ಕಾಯದೆ ಮ್ಯಾನೇಜರನ ಕೋಣೆಗೆ ಹೋದೆ. ಊರಿಗೆ ಟಿಕೆಟ್ ಮಾಡಿಸಿ ಎಂದೆ.