ಅಳಿಯನೆದುರು ಕೇಳಿದ ಪ್ರಶ್ನೆ

ಹೊಟ್ಟೆ ಕೊಯ್ಯುವುದಕ್ಕಿಂತ ಕೊಯ್ಯದೆ ಸುಮ್ಮನಿರುವುದೇ ಕಷ್ಟ. ಕೈಕಟ್ಟಿ ಕಾಯುವ ಸರ್ಜನ್‌ನನ್ನು ಕಂಡರೆ ಮನೆಯವರಿಗೆ, ಇವನಿಗೆ ಕೆಲಸ ಬರುತ್ತದೋ ಇಲ್ಲವೋ ಅನ್ನಿಸಿಬಿಡುತ್ತದೆ.

ಹೆಡ್‌ಮೇಡಂ ವಿಷಯದಲ್ಲಿ ನಾನು ಮೂರು ದಿನ ಹಾಗೆ ಕಾದೆ. ನಿವೃತ್ತ ಮುಖ್ಯೋಪಾಧ್ಯಾಯಿನಿ, ವಯಸ್ಸು ಎಪ್ಪತ್ತೊಂದು, ನನ್ನ ಕೈಬರಹ ನೋಡಿ ಮೊದಲ ದಿನವೇ ಮುಖ ಸಿಂಡರಿಸಿದವರು. ಹಿಂದೆ ನಾಲ್ಕು ಸಲ ಅವರ ಹೊಟ್ಟೆ ಕೊಯ್ದಿದ್ದರು. ಒಳಗೆ ಕರುಳು ಒಂದಕ್ಕೊಂದು ಅಂಟಿಕೊಂಡು ಈಗ ದಾರಿಯೇ ಕಟ್ಟಿತ್ತು. ಐದನೇ ಸಲ ಕೈಹಾಕಿದರೆ ಬಿಡಿಸಿದ ಕಡೆಯೆಲ್ಲ ಹರಿಯುವ ಭಯ. ಬದುಕಿ ಬರುತ್ತಾರೆಂಬ ಧೈರ್ಯ ನನಗಿರಲಿಲ್ಲ. ಕೈಹಾಕದಿದ್ದರೆ ಕರುಳು ಕೊಳೆಯಬಹುದು. ತಾನಾಗಿ ದಾರಿ ಬಿಟ್ಟರೆ ಮೊದಲು ಗೊತ್ತಾಗುವುದು ಕೆಳಗಿನಿಂದ ಗಾಳಿ ಹೋದಾಗ. ಹಾಗಾಗಿ ಮೂಗಿಗೆ ನಳಿಕೆ ಹಾಕಿ, ಮೂರು ಹೊತ್ತೂ ಒಂದೇ ಪ್ರಶ್ನೆ.

“ಗಾಳಿ ಹೋಯ್ತಾ ಮೇಡಂ?”

“ಇಲ್ಲ,” ಎನ್ನುವರು, ಗೋಡೆ ನೋಡಿಕೊಂಡು.

ಪಕ್ಕದಲ್ಲಿ ಸದಾ ಅಳಿಯ. ಮಗಳು ಹಸಿ ಬಾಣಂತಿ, ಬರುವಂತಿರಲಿಲ್ಲ. ಈತ ಬಸ್ ಮೆಕ್ಯಾನಿಕ್. ಅತ್ತೆಯ ತುಟಿಗೆ ಒದ್ದೆ ಹತ್ತಿ ಮುಟ್ಟಿಸುವುದೇನು, ಕಾಲೊತ್ತುವುದೇನು, ಹೆತ್ತ ಮಗನೂ ಅಷ್ಟು ಮಾಡಲಾರ.

ಮೂರನೇ ಮಧ್ಯಾಹ್ನಕ್ಕೆ ನಾನು ಗಡುವು ಹಾಕಿಕೊಂಡಿದ್ದೆ, ಅಷ್ಟರಲ್ಲಿ ಗಾಳಿ ಹೋಗದಿದ್ದರೆ ಕೊಯ್ಯುವುದೇ. ಕೇಳಿದೆ. ಮತ್ತೆ “ಇಲ್ಲ.” ಆಪರೇಷನ್ನಿನಲ್ಲಿ ಜೀವಕ್ಕೆ ಅಪಾಯವಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಒಪ್ಪಿಗೆ ಪತ್ರಕ್ಕೆ ಗುಂಡಗೆ ಸಹಿ ಹಾಕಿದರು. ಅದರ ಕೆಳಗೆ ಅಳಿಯ ಸಾಕ್ಷಿ ಹಾಕಿದ.

ಥಿಯೇಟರಿನೊಳಗೆ, ಅರಿವಳಿಕೆಗೆ ಮುಂಚೆ, ಇನ್ನೊಮ್ಮೆ ಹೊಟ್ಟೆ ಮುಟ್ಟಿದೆ. ನಿನ್ನೆ ಬಿಗಿಯಾಗಿದ್ದದ್ದು ಇಂದು ಮೆತ್ತಗಿತ್ತು. ನಾಡಿಯ ಓಟವೂ ತಗ್ಗಿತ್ತು. ನನ್ನ ಕೈ ಒಂದು ಹೇಳುತ್ತಿತ್ತು, ಅವರ ಬಾಯಿ ಇನ್ನೊಂದು. ನನಗೆ ರೇಗಿತು.

“ನಿಜ ಹೇಳಿ ಮೇಡಂ. ಗಾಳಿ ಹೋಗೇ ಇಲ್ವಾ?”

ಅವರು ಕತ್ತೆತ್ತಿ ಬಾಗಿಲ ಕಡೆ ನೋಡಿದರು. “ಅಳಿಯಂದ್ರು ಹೊರಗಿದ್ದಾರಾ?”

“ಹೊರಗಿದ್ದಾರೆ.”

“ಬೆಳಿಗ್ಗೆ ಹೋಯ್ತು. ಎರಡು ಸಲ.”

ಸಿಸ್ಟರ್ ಮಾಸ್ಕಿನೊಳಗೇ ನಕ್ಕರು. ನನಗೆ ನಗು ಬರಲಿಲ್ಲ.

“ಮತ್ತೆ ಇಲ್ಲ ಅಂದ್ರಲ್ಲ?”

“ಅವ್ರ ಮುಂದೆ ಅದನ್ನೆಲ್ಲ ಹೇಳೋಕಾಗುತ್ತಾ? ನೀವೂ ಚೆನ್ನಾಗಿ ಕೇಳ್ತೀರಿ.”

ಆಪರೇಷನ್ ನಿಲ್ಲಿಸಿ ಹೊರಗೆ ಬಂದೆ. ಅಳಿಯನಿಗೆ ಕಾರಣ ಹೇಳಬೇಕಲ್ಲ, ಅವರ ಮಾನ ಉಳಿಸಲು ಸುತ್ತಿ ಬಳಸಿ ಏನೋ ಶುರು ಮಾಡಿದೆ. ಅವನೇ ತಡೆದ.

“ಗೊತ್ತು ಡಾಕ್ಟ್ರೇ. ಬೆಳಿಗ್ಗೆ ನಂಗೂ ಕೇಳಿಸ್ತು. ಅತ್ತೆಗೆ ಮುಜುಗರ ಆಗುತ್ತೆ ಅಂತ ನಿದ್ದೆ ಬಂದವನ ಹಾಗೆ ಕಣ್ಮುಚ್ಕೊಂಡಿದ್ದೆ.”

“ಅಲ್ಲಯ್ಯಾ, ನಂಗೆ ಹೇಳೋದಲ್ವಾ? ಅವ್ರ ಜೀವ ಅದ್ರ ಮೇಲೇ ನಿಂತಿತ್ತು.”

ಅವನ ಮುಖ ಬಿಳಿಚಿಕೊಂಡಿತು. ಬೆಂಚಿನ ಮೇಲೆ ಕೂತ.

“ಹಾಗಂತ ನೀವು ಒಂದ್ಸಲನೂ ಹೇಳ್ಲಿಲ್ವಲ್ಲ,” ಅಂದ.

ಹೇಳಿರಲಿಲ್ಲ. ಮೂರು ದಿನ, ಮೂರು ಹೊತ್ತು, ಬರೀ ಕೇಳಿದ್ದೆ. ನನಗೆ ನಾಚಿಕೆಯಾಯಿತು. ಅವನ ಪಕ್ಕದಲ್ಲಿ ಕೂತು, ಮೊದಲಿನಿಂದ ಎಲ್ಲ ಬಿಡಿಸಿ ಹೇಳತೊಡಗಿದೆ.