ಇನ್ನೊಂದು ತುದಿ

ಎಡಗಾಲಿನ ಶೂ ಮಾತ್ರ ಕಿಚ್ ಅನ್ನುತ್ತದೆ, ಬಲಗಾಲಿನದು ಸುಮ್ಮನಿದೆ, ಮೊನ್ನೆ ಮ್ಯಾರಥಾನ್‌ನಲ್ಲಿ ನೀರಿನ ಮೇಜಿನ ಹತ್ತಿರ ನೆನೆದದ್ದು ಒಳಗೆ ಇನ್ನೂ ಒಣಗಿಲ್ಲ, ಕಿಚ್, ಕಿಚ್, ಹಾಲಿನ ಅಂಗಡಿಯವನು ಕ್ರೇಟು ಇಳಿಸುತ್ತಾ ನೋಡುತ್ತಾನೆ, ನೋಡಲಿ, ನಾನು ನೆಲ ನೋಡುತ್ತೇನೆ, ಇವತ್ತಿನ ಗುರಿ ಸೇತುವೆ, ಅಷ್ಟೇ, ಆಚೆ ಕಡೆಯ ದೀಪದ ಕಂಬ ಮುಟ್ಟುವ ತನಕ ಯಾವುದಕ್ಕೂ ನಿಲ್ಲಬಾರದು, ವೇಗ ಬೇಡ, ಗಡಿಯಾರ ಬೇಡ, ಮುಟ್ಟಬೇಕು – ಅತ್ತಿಗೆ ಬಾಗಿಲು ತೆಗೆಯುತ್ತಾ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರೆ ಓಡ್ಬೇಕು ಕಣೇ, ನಿನ್ನನ್ನ ಯಾರು ಅಟ್ಟಿಸ್ಕೊಂಡು ಬರ್ತಾರೆ ಅಂದಳು, ಒಳಗಿಂದ ಅಣ್ಣ ನಕ್ಕ, ನಾನೂ ನಕ್ಕೆ, ಬಾಗಿಲು ಹಾಕಿದ ಮೇಲೂ ಆ ಮಾತು ಮೆಟ್ಟಿಲಿಳಿದು ನನ್ನ ಜೊತೆಗೇ ಬಂತು, ಯಾರೂ ಬರುವುದಿಲ್ಲ, ನಿಜ, ಮೊನ್ನೆಯೂ ಕೊನೆಯ ತಿರುವಿನಲ್ಲಿ ಹಿಂದೆ ಯಾರೂ ಇರಲಿಲ್ಲ, ಮುಂದೆಯೂ ಇರಲಿಲ್ಲ, ರಸ್ತೆ ತುಂಬ ತುಳಿದ ಕಾಗದದ ಲೋಟಗಳು, ಮೈಕು ಬಂದ್ ಆಗಿತ್ತು, ಗಾಳಿ ತುಂಬಿಸಿ ನಿಲ್ಲಿಸಿದ್ದ ಕೆಂಪು ಕಮಾನು ಗಾಳಿ ಬಿಟ್ಟುಕೊಂಡು ನೆಲದ ಮೇಲೆ ಮಲಗಿತ್ತು, ಅದರಾಚೆ ಓಟ ಮುಗಿಯುವ ಬಿಳಿ ಗೆರೆ ಹಾಗೇ ಇತ್ತು, ಗೆರೆಯನ್ನು ಯಾರು ಮಡಿಸುತ್ತಾರೆ, ಒಬ್ಬನೇ ಮನುಷ್ಯ ಆ ಕಮಾನಿನ ಬಟ್ಟೆಯ ಜೊತೆ ಒದ್ದಾಡುತ್ತಿದ್ದ, ನನ್ನನ್ನು ನೋಡಿ ಒಂದು ತುದಿ ಚಾಚಿದ, ಅಮ್ಮಾ, ಸ್ವಲ್ಪ ಇದನ್ನ ಹಿಡ್ಕೊಳ್ತೀರಾ, ಎದೆಯ ಮೇಲಿನ ನಂಬರು ಬೆವರಿಗೆ ಮುದುಡಿತ್ತು, ಅವನಿಗೆ ಕಾಣಲಿಲ್ಲವೋ ಏನೋ, ನನ್ನ ಕೈ ಹೋಯಿತು.

ಕೈ ಹೋಯಿತು, ನಾನು ಕಳಿಸಲಿಲ್ಲ, ಶಾಲೆ ಬಿಟ್ಟಾಗಿನಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸಿದ ಕೈ, ಒಂದು ತುದಿ ಜೊತೆಯಲ್ಲಿ ದುಡಿಯುವ ಅಕ್ಕನದು, ಒಂದು ನನ್ನದು, ಜಾಡಿಸುವುದು, ಎಳೆಯುವುದು, ಎದುರುಬದುರು ನಡೆದು ಮೂಲೆಗೆ ಮೂಲೆ ಸೇರಿಸುವುದು, ಮಾತೇ ಬೇಕಿಲ್ಲ, ಅದಕ್ಕೇ ಆ ಕೆಲಸ ನನಗೆ ಹಿಡಿಸಿದ್ದು, ಕಮಾನಿನವನು, ನೀಟಾಗಿ ಮಡಿಸ್ತೀರಲ್ಲ, ಕ್ಲೀನಿಂಗ್‌ನೋರಾ ಅಂದ, ಹೂಂ ಅಂದೆ, ಯಾಕೆ ಹೂಂ ಅಂದೆನೋ, ವ್ಯಾನಿನವರೆಗೂ ಹೊತ್ತುಕೊಟ್ಟೆ, ಗೆರೆ ನಾಲ್ಕು ಹೆಜ್ಜೆ ಆಚೆ, ಈಗ ಹೋಗಿ ದಾಟಿದರೆ ಅವನೇನು ಅಂದುಕೊಂಡಾನು, ಕ್ಲೀನಿಂಗ್‌ನವಳಿಗೆ ತಲೆ ಕೆಟ್ಟಿತು ಅಂದುಕೊಂಡಾನು, ಬಸ್ ಸ್ಟಾಪಿಗೆ ನಡೆದೆ – ಮುಗಿಸಿದ್ಯಾ ಅಂದಳು ಅಕ್ಕ ಮರುದಿನ, ಇಲ್ಲಕ್ಕ, ಬಿದ್ಯಾ, ಇಲ್ಲ, ಮತ್ತೇನು ಮಾಡ್ದೆ, ಕಮಾನು ಮಡಿಸಿದೆ, ಕೆಮ್ಮು ಬರುವ ತನಕ ನಕ್ಕಳು, ಅಯ್ಯೋ ಪೆದ್ದಿ, ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ವಲ್ಲೇ, ರಜಾ ಹಾಕಿ ಹೋಗಿ ಅಲ್ಲೂ ಇದನ್ನೇ ಮಾಡಿ ಬಂದ್ಯಾ, ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು, ಮುಂದಿನ ಬಟ್ಟೆಯ ತುದಿ ಚಾಚಿದಳು, ಹಿಡಿದೆ.

ಸೇತುವೆ ಕಾಣುತ್ತಿದೆ, ಉಸಿರು ಬಿಸಿಯಾಗಿದೆ, ಇದಾದರೆ ಆಮೇಲೆ ನೀರಿನ ಟ್ಯಾಂಕ್, ಆಮೇಲೆ ರೈಲ್ವೆ ಗೇಟು, ಬರುವ ವರ್ಷ ಆ ಗೆರೆ, ಆಗ ಎರಡೂ ಕೈ ಜೇಬಿನಲ್ಲಿ ಇಟ್ಟುಕೊಂಡೇ ದಾಟುತ್ತೇನೆ, ಸೇತುವೆಯ ಬುಡದಲ್ಲಿ ಹಣ್ಣಿನ ಅಜ್ಜಿ ನೀಲಿ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದಾಳೆ, ಗಾಳಿ ಎತ್ತಿ ಎತ್ತಿ ಅವಳ ಮುಖಕ್ಕೇ ಹೊಡೆಯುತ್ತಿದೆ, ಮಗಾ, ಒಂಚೂರು ಈ ತುದಿ ಹಿಡ್ಕೊ ಬಾ, ಕೈ ಏಳುತ್ತದೆ, ಮುಷ್ಟಿ ಬಿಗಿ ಮಾಡುತ್ತೇನೆ, ಬೇಡ, ಇವತ್ತು ಬೇಡ ಅಜ್ಜಿ, ನಾಳೆ ಹಿಡಿಯುತ್ತೇನೆ, ಮನಸ್ಸಿನಲ್ಲೇ ಅಂದುಕೊಂಡು ದಾಟುತ್ತೇನೆ, ಕಿಚ್, ಕಿಚ್, ಕೆಳಗೆ ನೀರು, ಬೆನ್ನ ಹಿಂದೆ ಹಾಳೆ ಪಟಪಟ ಅನ್ನುತ್ತದೆ, ಕಂಬ, ಮುಟ್ಟಿದೆ, ತಣ್ಣಗಿದೆ, ಮುಟ್ಟಿದೆ ಅಂತ ಯಾರಿಗೆ ಹೇಳಲಿ, ಕಂಬಕ್ಕೇ ಗೊತ್ತಿಲ್ಲ, ತಿರುಗಿ ನೋಡಿದರೆ ಅಲ್ಲಿ, ಆ ಕಡೆ, ಅಜ್ಜಿ ಇನ್ನೂ ಇತ್ತಲೇ ನೋಡುತ್ತಾ ನಿಂತಿದ್ದಾಳೆ, ಅವಳ ಕೈಯಲ್ಲಿ ಹಾಳೆಯ ಒಂದು ತುದಿ, ಇನ್ನೊಂದು ತುದಿ ಗಾಳಿಯಲ್ಲಿ, ಇನ್ನೊಂದು ತುದಿ